ಪುಟ್ಟ ಕಾರಿಗೆ ದೊಡ್ಡ ಇಂಜಿನ್ ಯಾಕೆ ಸ್ವಾಮಿ?

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ. ಐವತ್ತು ಅರವತ್ತು ವರ್ಷ ಹಳೆಯದಾದ, ಎತ್ತರದಲ್ಲಿ ನನ್ನ ಸೊಂಟಕ್ಕೂ ಬಾರದ ಪುಟ್ಟ ಸ್ಪೋರ್ಟ್ಸ್ ಕಾರಿನ ಹೊಟ್ಟೆ ಕೊಯ್ದು, ಅದರೊಳಗೆ ನಾನೂರು ಅಶ್ವಶಕ್ತಿಯ ಇಂಜಿನ್ ತುರುಕುವುದನ್ನು ನಾನು ಸಾಹಸ ಅಂತ ಒಪ್ಪುವುದಿಲ್ಲ. ಕಲೆ ಅಂತಲೂ ಒಪ್ಪುವುದಿಲ್ಲ. ಅದು ಬಹುಪಾಲು ಸಂದರ್ಭಗಳಲ್ಲಿ ಅರ್ಧಕ್ಕೆ ನಿಲ್ಲಿಸಿದ ಕೆಲಸ. ಉಳಿದರ್ಧದ ಬೆಲೆಯನ್ನು ಬೇರೆ ಯಾರೋ ಕೊಡ್ತಾರೆ.

ನಾನಿರುವುದು ಇಂಗ್ಲೆಂಡಿನಲ್ಲಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರು, ಮನಸ್ಸಿಗೆ 1972ರ ಒಂದು ಎಂಜಿ ಮಿಡ್ಜೆಟ್. ಅದರ ಇಂಜಿನ್ 1275 ಸಿಸಿ, ಹೊಸದಾಗಿದ್ದಾಗ 65 ಅಶ್ವಶಕ್ತಿ. ಈಗ ಎಷ್ಟು ಕುದುರೆ ಉಳಿದಿವೆಯೋ, ಎಷ್ಟು ಕಾಲು ಕುಂಟಿವೆಯೋ ನಾನು ಅಳೆಸಿಲ್ಲ. ಬೇಸಿಗೆಯ ಭಾನುವಾರಗಳಲ್ಲಿ ಇಲ್ಲಿ ಹಳೆ ಕಾರುಗಳ ಸಂತೆ ನೆರೆಯುತ್ತದೆ. ಹುಲ್ಲುಗಾವಲಿನಲ್ಲಿ ಸಾಲಾಗಿ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಮಡಿಸುವ ಕುರ್ಚಿ ಹಾಕಿಕೊಂಡು ಫ್ಲಾಸ್ಕಿನ ಟೀ ಕುಡಿಯುವುದು ಸಂಪ್ರದಾಯ. ಅಲ್ಲಿ ಇತ್ತೀಚೆಗೆ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ. "ಒಳಗೆ ಏನಿದೆ?" ನಾನು "1275" ಅಂತೀನಿ. "ಇನ್ನೂ ಅದೇನಾ?" ಅಂತ ಮುಖ ಸಣ್ಣ ಮಾಡ್ತಾರೆ. ಮನೆಗೆ ಬಂದವರು "ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೀರಾ?" ಅಂತ ಕೇಳುವ ಧಾಟಿ ಇದೆಯಲ್ಲ, ಥೇಟ್ ಅದೇ.

ಪಕ್ಕದ ಕಾರಿನ ಬಾನೆಟ್ ಎತ್ತಿದರೆ ಜನಜಂಗುಳಿ. ಅಲ್ಲಿ ಹೋಂಡಾದ ಕೆ ಸರಣಿಯ ಇಂಜಿನ್ನೋ, ಫೋರ್ಡ್ ಡ್ಯುರಾಟೆಕ್ಕೋ, ಹಯಬುಸ ಬೈಕಿನ ಇಂಜಿನ್ನೋ ಕೂತಿರುತ್ತದೆ. ಅದಕ್ಕೂ ಮಿಗಿಲಾದವರು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಎಲ್ಎಸ್ ವಿ8 ಇಳಿಸಿರುತ್ತಾರೆ. 1997ರ ಕಾರ್ವೆಟ್ ಕಾರಿನೊಂದಿಗೆ ಬಂದ ಕುಟುಂಬ ಅದು. ಮೊದಲನೆಯದು 5.7 ಲೀಟರ್. ಆಮೇಲೆ ಬಂದ ಎಲ್ಎಸ್3 ಅನ್ನುವುದು 6.2 ಲೀಟರ್, 430 ಅಶ್ವಶಕ್ತಿ. ಆ ಇಂಜಿನ್ನನ್ನು ನಾನು ಬಯ್ಯುವುದಿಲ್ಲ. ಅದೊಂದು ಅಚ್ಚುಕಟ್ಟಾದ ವಸ್ತು. ಪೂರ್ತಿ ಅಲ್ಯೂಮಿನಿಯಂ, ಗಾತ್ರಕ್ಕೆ ಹೋಲಿಸಿದರೆ ಹಗುರ. ಕ್ಯಾಮ್‌ಶಾಫ್ಟ್ ತಲೆಯ ಮೇಲಿಲ್ಲದೆ ಬ್ಲಾಕಿನೊಳಗೇ ಇರುವುದರಿಂದ ಎತ್ತರವೂ ಅಗಲವೂ ಕಮ್ಮಿ. ಅದಕ್ಕೇ ಎಲ್ಲಿ ಬೇಕಾದರೂ ತೂರುತ್ತದೆ. ತೂರುತ್ತದೆ ಅನ್ನುವುದೇ ಈಗ ಸಮಸ್ಯೆಯಾಗಿರುವುದು. ಬಾಗಿಲಲ್ಲಿ ಹಿಡಿಸಿತು ಅಂತ ಆನೆಯನ್ನು ಅಡುಗೆಮನೆಗೆ ಕಟ್ಟುತ್ತಾರೆಯೇ?

ಈ ಪುಟ್ಟ ಕಾರುಗಳು ಹೇಗೆ ಹುಟ್ಟಿದವು ಅಂತ ಸ್ವಲ್ಪ ನೋಡೋಣ. 1958ರಲ್ಲಿ ಆಸ್ಟಿನ್ ಹೀಲಿ ಸ್ಪ್ರೈಟ್ ಬಂತು. ಬಾನೆಟ್ಟಿನ ಮೇಲೆ ದೀಪಗಳು ಉಬ್ಬಿಕೊಂಡು ಕಪ್ಪೆಯ ಹಾಗೆ ಕಾಣುತ್ತಿದ್ದುದರಿಂದ ಜನ ಅದನ್ನು ಕಪ್ಪೆಗಣ್ಣಿನ ಕಾರು ಅಂತಲೇ ಕರೆದರು. ಇಂಜಿನ್ 948 ಸಿಸಿ, 43 ಅಶ್ವಶಕ್ತಿ. ತೂಕ ಸುಮಾರು 660 ಕಿಲೋ. ಮುಂದಿನ ಸಸ್ಪೆನ್ಷನ್ ಆಸ್ಟಿನ್ ಎ35 ಅನ್ನುವ ಸಂಸಾರಸ್ಥರ ಕಾರಿನದು, ಸ್ಟಿಯರಿಂಗ್ ಮಾರಿಸ್ ಮೈನರಿನದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗಕ್ಕೆ ಏರಲು ಇಪ್ಪತ್ತು ಸೆಕೆಂಡ್ ಬೇಕಾಗುತ್ತಿತ್ತು. ಇವತ್ತಿನ ಯಾವ ಪೆಟ್ಟಿಗೆ ಕಾರೂ ಅದನ್ನು ಹಿಂದೆ ಹಾಕುತ್ತದೆ. ಆದರೂ ಆ ಮೊದಲ ಮಾದರಿಯೇ ನಲವತ್ತೆಂಟು ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ಅದರ ಮೇಲೆಯೇ ಕಟ್ಟಿದ ಎಂಜಿ ಮಿಡ್ಜೆಟ್ 1961ರಿಂದ 1979ರವರೆಗೆ, ಆಕ್ಸ್‌ಫರ್ಡ್ ಪಕ್ಕದ ಆಬಿಂಗ್ಡನ್ ಊರಿನ ಕಾರ್ಖಾನೆಯಿಂದ ಹೊರಬೀಳುತ್ತಲೇ ಇತ್ತು.

ಯಾಕೆ ಕೊಂಡರು ಜನ? ಸಂಬಳ ಕಮ್ಮಿ ಇದ್ದವರಿಗೂ ಗಾಳಿಗೆ ಮುಖ ಒಡ್ಡಿ ತಿರುವಿನಲ್ಲಿ ನಗುವ ಹಕ್ಕಿದೆ ಅಂತ ಆ ಕಾರು ಹೇಳುತ್ತಿತ್ತು. ಅದರ ಸುಖ ವೇಗದಲ್ಲಿ ಇರಲೇ ಇಲ್ಲ. ನೆಲಕ್ಕೆ ಅಷ್ಟು ಹತ್ತಿರ ಕೂತಾಗ ಗಂಟೆಗೆ 60 ಕಿಲೋಮೀಟರ್ ಅನ್ನುವುದೇ 120ರ ಹಾಗೆ ಕಾಣುತ್ತದೆ. ಗೇರು ಬದಲಾಯಿಸುವುದು, ಇಂಜಿನ್ನಿನ ದನಿ ಕೇಳಿ ಕ್ಲಚ್ ಒತ್ತುವುದು, ಏರಿನಲ್ಲಿ ವೇಗ ಕಳೆದುಕೊಳ್ಳದ ಹಾಗೆ ಮೊದಲೇ ಲೆಕ್ಕ ಹಾಕುವುದು, ಎಲ್ಲವೂ ನಿಮ್ಮ ಕೆಲಸ. ಕಾರಿನ ಶಕ್ತಿಯನ್ನು ಪೂರ್ತಿ ಬಳಸಿದರೂ ಪೊಲೀಸರು ಹಿಡಿಯುವುದಿಲ್ಲ. ಇದು ಸಣ್ಣ ಮಾತಲ್ಲ. ಇಲ್ಲಿನ ಹಳ್ಳಿ ರಸ್ತೆಗಳಲ್ಲಿ ಕಾನೂನಿನ ಮಿತಿ ಗಂಟೆಗೆ 60 ಮೈಲಿ, ಅಂದರೆ 96 ಕಿಲೋಮೀಟರ್. ಮೋಟಾರ್‌ವೇನಲ್ಲಿ 70 ಮೈಲಿ. ನನ್ನ 65 ಕುದುರೆಗಳಿಗೆ ಅಲ್ಲಿ ಕೈತುಂಬ ಕೆಲಸ. 430 ಕುದುರೆಯವನು ಎರಡನೇ ಗೇರಿನಲ್ಲೇ ಕಾನೂನು ಮುರಿದಿರುತ್ತಾನೆ. ಉಳಿದ ಗೇರುಗಳು ಇರುವುದು ಯಾತಕ್ಕೆ? ಸಂತೆಯಲ್ಲಿ ಹೇಳಿಕೊಳ್ಳುವುದಕ್ಕೆ.

1989ರಲ್ಲಿ ಮಾಜ್ದಾ ಕಂಪನಿ ಎಂಎಕ್ಸ್-5 ತಂದಾಗ ಇದೇ ಹಳೆ ಬ್ರಿಟಿಷ್ ಕಾರುಗಳ ಗುಟ್ಟನ್ನು ಹಿಡಿಯಲು ನೋಡಿತು. ಅವರು ಬಳಸಿದ ಮಾತು ಜಿನ್‌ಬಾ ಇತ್ತಾಯ್. ಸವಾರ, ಕುದುರೆ ಎರಡೂ ಒಂದೇ ದೇಹ ಅನ್ನುವ ಅರ್ಥ. 1.6 ಲೀಟರಿನ ಇಂಜಿನ್ ಸಾಕು ಅಂತ ತೀರ್ಮಾನಿಸಿದ ಆ ಎಂಜಿನಿಯರುಗಳು ದಡ್ಡರೇನಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಕೊಂಡರು. ಈಗ ಆ ಎಂಎಕ್ಸ್-5ಕ್ಕೂ ವಿ8 ತುರುಕುವ ಉದ್ಯಮವೇ ಅಮೆರಿಕದಲ್ಲಿ ಬೆಳೆದಿದೆ. ಕಿಟ್ ಕೊಂಡರೆ ಆಯ್ತು.

ಸರಿ, ಸುಖದ ವಿಷಯ ಬಿಡಿ. ಲೋಕೋ ಭಿನ್ನ ರುಚಿಃ. ಒಬ್ಬನಿಗೆ ತಿಳಿಸಾರು, ಇನ್ನೊಬ್ಬನಿಗೆ ಗುಂಟೂರು ಮೆಣಸಿನಕಾಯಿ. ನನ್ನ ಜಗಳ ಇರುವುದು ಅದರಾಚೆ.

ಇಂಜಿನ್ ಅನ್ನುವುದು ಬಲ್ಬ್ ಅಲ್ಲ, 40 ವ್ಯಾಟ್ ತೆಗೆದು 100 ವ್ಯಾಟ್ ಹಾಕಲಿಕ್ಕೆ. ಹಾಗೆ ನೋಡಿದರೆ ಬಲ್ಬಿಗೂ ವೈರು ತಡೆಯುತ್ತದಾ ಅಂತ ನೋಡಬೇಕು. 1275 ಇಂಜಿನ್ನಿನ ತಿರುಚುಬಲ, ಅಂದರೆ ಟಾರ್ಕ್, ನೂರು ನ್ಯೂಟನ್ ಮೀಟರಿನ ಆಸುಪಾಸು. ಎಲ್ಎಸ್3ರದ್ದು 575ರ ಹತ್ತಿರ. ಸುಮಾರು ಆರು ಪಟ್ಟು. ಈ ಬಲ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಹಿಂದಿನ ಆಕ್ಸಲ್ ಎಲ್ಲವನ್ನೂ ದಾಟಿ ನೆಲಕ್ಕೆ ಮುಟ್ಟಬೇಕು. ಮಿಡ್ಜೆಟ್, ಸ್ಪ್ರೈಟುಗಳ ಹಾಫ್ ಶಾಫ್ಟ್ ಮೊದಲಿನ ಶಕ್ತಿಗೇ ಮುರಿಯುವುದಕ್ಕೆ ಹೆಸರುವಾಸಿ. ಹಳಬರು ಡಿಕ್ಕಿಯಲ್ಲಿ ಒಂದು ಹೆಚ್ಚಿಗೆ ಇಟ್ಟುಕೊಂಡೇ ಓಡಾಡುತ್ತಿದ್ದರು.

ಬ್ರೇಕಿನ ಲೆಕ್ಕ ಇನ್ನೂ ಸರಳ. ಓಡುವ ವಸ್ತುವಿನ ಚಲನಶಕ್ತಿ ವೇಗದ ವರ್ಗದ ಪ್ರಕಾರ ಏರುತ್ತದೆ ಅಂತ ಹೈಸ್ಕೂಲಿನಲ್ಲೇ ಓದಿದ್ದೇವೆ. ಗಂಟೆಗೆ 100 ಕಿಲೋಮೀಟರಿನಿಂದ 160ಕ್ಕೆ ಹೋದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು ಅನ್ನಿ, ಬ್ರೇಕು ನುಂಗಬೇಕಾದ ಶಕ್ತಿ ಎರಡೂವರೆ ಪಟ್ಟು. ಅದೆಲ್ಲ ಶಾಖವಾಗಿ ಆ ಪುಟ್ಟ ಡಿಸ್ಕಿನಿಂದ, ಡ್ರಮ್ಮಿನಿಂದ ಹೊರಗೆ ಹೋಗಬೇಕು. ಹದಿಮೂರು ಇಂಚಿನ ಚಕ್ರದೊಳಗೆ ಎಷ್ಟು ದೊಡ್ಡ ಡಿಸ್ಕ್ ಹಿಡಿಸೀತು? ಚಕ್ರ ದೊಡ್ಡದು ಮಾಡಿದರೆ ಮಡ್‌ಗಾರ್ಡು ಕತ್ತರಿಸಬೇಕು. ಟೈರು ಅಗಲ ಮಾಡಿದರೆ ಬೇರಿಂಗಿಗೂ ಸ್ಟಿಯರಿಂಗಿಗೂ ಹೊರೆ.

ಇನ್ನು ಮೈಕಟ್ಟು. ಸ್ಪ್ರೈಟ್, ಮಿಡ್ಜೆಟ್ಟುಗಳಿಗೆ ಬೇರೆ ಚಾಸಿ ಇಲ್ಲ. ತಗಡಿನ ಮೈಯೇ ಚಾಸಿ. ಮೇಲೆ ಮಾಡಿಲ್ಲದ ಕಾರು ಅದು, ಆದ್ದರಿಂದ ಬಾಗಿಲ ಕೆಳಗಿನ ಸಿಲ್ಲುಗಳು, ನಡುವೆ ಹಾದುಹೋಗುವ ಟನೆಲ್, ಮುಂದಿನ ಬಲ್ಕ್‌ಹೆಡ್, ಇವೇ ಬೆನ್ನುಮೂಳೆ. ದೊಡ್ಡ ಇಂಜಿನ್, ದೊಡ್ಡ ಗೇರ್‌ಬಾಕ್ಸ್ ಹಿಡಿಸಬೇಕಾದರೆ ಮೊದಲು ಕತ್ತರಿ ಬೀಳುವುದೇ ಆ ಟನೆಲ್ ಮತ್ತು ಬಲ್ಕ್‌ಹೆಡ್ಡಿಗೆ. ಐವತ್ತು ವರ್ಷದ ಇಂಗ್ಲೆಂಡಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಇವು ಸಿಲ್ಲುಗಳನ್ನು ಆಗಲೇ ತಿಂದಿರುತ್ತವೆ. ತಳಪಾಯ ಕರಗಿದ ಮನೆಯ ಕಂಬ ಕೊಯ್ದು ಮೇಲೆರಡು ಅಂತಸ್ತು ಎಬ್ಬಿಸಿದ ಹಾಗೆ ಇದು.

ಇಷ್ಟು ಹೇಳಿದ ಕೂಡಲೇ ಎದುರಿನವರು ಒಂದು ಹೆಸರು ಎತ್ತುತ್ತಾರೆ. ಕೋಬ್ರಾ! "ಕ್ಯಾರಲ್ ಶೆಲ್ಬಿ 1962ರಲ್ಲಿ ಬ್ರಿಟನ್ನಿನ ಎಸಿ ಏಸ್ ಕಾರಿಗೆ ಅಮೆರಿಕದ ಫೋರ್ಡ್ ವಿ8 ಹಾಕಲಿಲ್ವಾ? ಅದನ್ನು ಪೂಜೆ ಮಾಡ್ತೀರಿ, ನಮ್ಮನ್ನು ಬಯ್ತೀರಿ." ಒಳ್ಳೆಯ ಪ್ರಶ್ನೆ. ಉತ್ತರ ಇನ್ನೂ ಒಳ್ಳೆಯದು. 4.2 ಲೀಟರಿನ ಮೊದಲ ಇಂಜಿನ್ ಹಾಕುವಾಗಲೇ ಅವರು ಹಿಂದಿನ ಡಿಫರೆನ್ಷಿಯಲ್ ತೆಗೆದು ಗಟ್ಟಿಯಾದದ್ದನ್ನು ಕೂರಿಸಿದರು. ಆಮೇಲೆ ಏಳು ಲೀಟರಿನ 427 ಹಾಕಬೇಕು ಅಂತಾದಾಗ ಕಾರನ್ನೇ ಹೊಸದಾಗಿ ಕಟ್ಟಿದರು. ಚಾಸಿಯ ಮುಖ್ಯ ಕೊಳವೆಗಳು ಮೂರು ಇಂಚಿನಿಂದ ನಾಲ್ಕು ಇಂಚಾದವು. ಎಲೆ ಸ್ಪ್ರಿಂಗ್ ಹೋಗಿ ಸುರುಳಿ ಸ್ಪ್ರಿಂಗ್ ಬಂತು. ಮೈ ಅಗಲವಾಯಿತು. ಅಂದರೆ ಶೆಲ್ಬಿಯಂಥ ಶೆಲ್ಬಿಯೇ ಇಂಜಿನ್ ಮಾತ್ರ ಬದಲಾಯಿಸಿ ಕೈ ತೊಳೆದುಕೊಳ್ಳಲಿಲ್ಲ.

ಸನ್‌ಬೀಮ್ ಟೈಗರ್ ತೆಗೆದುಕೊಳ್ಳಿ. 1964ರಲ್ಲಿ ಸನ್‌ಬೀಮ್ ಆಲ್ಪೈನ್ ಅನ್ನುವ ಸೌಮ್ಯ ಕಾರಿಗೆ ಅದೇ ಫೋರ್ಡ್ ವಿ8 ಹಾಕಿದರು. ಸ್ಟಿಯರಿಂಗ್ ವ್ಯವಸ್ಥೆಯನ್ನೇ ಬದಲಾಯಿಸಬೇಕಾಯಿತು, ಹಿಂದಿನ ಆಕ್ಸಲನ್ನೂ. ಇಷ್ಟಾದರೂ ಇಂಜಿನ್ ಎಷ್ಟು ಇಕ್ಕಟ್ಟಿನಲ್ಲಿ ಕೂತಿತ್ತೆಂದರೆ, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಕಾರಿನೊಳಗಿನಿಂದ ಬಲ್ಕ್‌ಹೆಡ್ಡಿನ ತೂತಿನಲ್ಲಿ ಕೈ ಹಾಕಬೇಕಿತ್ತು. ಕಾರ್ಖಾನೆಯವರ ಕೈಯಲ್ಲೇ ಹೀಗಾದರೆ ಮನೆ ಗ್ಯಾರೇಜಿನಲ್ಲಿ ಏನಾದೀತು ನೀವೇ ಊಹಿಸಿ.

ಎಲ್ಲಕ್ಕಿಂತ ಚೆನ್ನಾದ ಪಾಠ ಎಂಜಿಬಿಯದ್ದು. 1967ರಲ್ಲಿ ಎಂಜಿಯವರು ತಮ್ಮ ನಾಲ್ಕು ಸಿಲಿಂಡರಿನ ಎಂಜಿಬಿಗೆ ಮೂರು ಲೀಟರಿನ ಆರು ಸಿಲಿಂಡರ್ ಹಾಕಿ ಎಂಜಿಸಿ ಅಂತ ಮಾಡಿದರು. ಆ ಬೀಡುಕಬ್ಬಿಣದ ಇಂಜಿನ್ ಹಳೆಯದಕ್ಕಿಂತ ಸುಮಾರು 95 ಕಿಲೋ ಹೆಚ್ಚು ತೂಗುತ್ತಿತ್ತು. ಮೂಗಿನ ಮೇಲೆ ಒಬ್ಬ ದಪ್ಪ ಮನುಷ್ಯನನ್ನು ಕೂರಿಸಿಕೊಂಡು ಓಡಿದ ಹಾಗೆ. ಮುಂದಿನ ಸಸ್ಪೆನ್ಷನ್ ಬದಲಾಯಿಸಿದರೂ ಕಾರು ತಿರುವಿನಲ್ಲಿ ಮಾತು ಕೇಳಲಿಲ್ಲ ಅಂತ ಪತ್ರಿಕೆಗಳು ಬರೆದವು. 1969ಕ್ಕೆ ಅಂಗಡಿ ಬಂದ್. ಅದೇ ಕಂಪನಿ 1973ರಲ್ಲಿ ಎಂಜಿಬಿ ಜಿಟಿ ವಿ8 ತಂದಿತು. ಕೆನ್ ಕಾಸ್ಟೆಲೋ ಎಂಬಾತ ತನ್ನ ಸ್ವಂತ ಗ್ಯಾರೇಜಿನಲ್ಲಿ ಇದನ್ನು ಮೊದಲೇ ಮಾಡಿ ತೋರಿಸಿದ್ದ. ಹಾಕಿದ್ದು ರೋವರ್ 3.5 ಲೀಟರಿನ ಅಲ್ಯೂಮಿನಿಯಂ ವಿ8. ಮೂಲದಲ್ಲಿ ಅದು ಅಮೆರಿಕದ ಬ್ಯೂಕ್ ಇಂಜಿನ್, ರೋವರಿನವರು ಹಕ್ಕು ಕೊಂಡಿದ್ದರು. ಎಂಟು ಸಿಲಿಂಡರ್ ಇದ್ದರೂ ತೂಕ ಹಳೆಯ ನಾಲ್ಕು ಸಿಲಿಂಡರಿನಷ್ಟೇ ಹತ್ತಿರ ಹತ್ತಿರ. ಶಕ್ತಿ 137 ಅಶ್ವ. ಹುಚ್ಚು ಹಿಡಿಸುವಷ್ಟಲ್ಲ, ಹಿಗ್ಗುವಷ್ಟು. ಅದೂ ಗಟ್ಟಿ ಮಾಡಿನ ಜಿಟಿಯಲ್ಲಿ ಮಾತ್ರ, ತೆರೆದ ಕಾರಿನಲ್ಲಿ ಅಲ್ಲ. ಮಾಡಿದ್ದು 2,591 ಮಾತ್ರ. ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಒಂದೇ ಕಾರು, ಎರಡು ಇಂಜಿನ್, ಎರಡು ಹಣೆಬರಹ.

ನಮ್ಮ ಊರಿನ ಹಳಬರಿಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿರಬೇಕು. ಮದರಾಸಿನಲ್ಲಿ ತಯಾರಾಗುತ್ತಿತ್ತು. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರಿನದೇ ಭಾರತೀಯ ರೂಪ. ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕು ಮಾಡಿ ಟ್ರಯಂಫ್‌ನವರು 1962ರಲ್ಲಿ ಸ್ಪಿಟ್‌ಫೈರ್ ಅನ್ನುವ ಚೆಂದದ ಸ್ಪೋರ್ಟ್ಸ್ ಕಾರು ಮಾಡಿದರು. 1147 ಸಿಸಿ, 63 ಅಶ್ವಶಕ್ತಿ. ಹೆರಾಲ್ಡಿನ ಸ್ವಿಂಗ್ ಆಕ್ಸಲ್ ಸಹ ಜೊತೆಗೇ ಬಂತು. ತಿರುವಿನಲ್ಲಿ ಜೋರಾಗಿ ಹೋಗುತ್ತಾ ಗಾಬರಿಯಿಂದ ಆಕ್ಸಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಗೆ ಮಡಚಿಕೊಂಡು ಕಾರು ಸೊಂಟ ಬೀಸುತ್ತಿತ್ತು. 63 ಕುದುರೆಗೆ ಇದನ್ನು ಹೇಗೋ ಸಂಭಾಳಿಸಬಹುದಿತ್ತು. 1966ರಲ್ಲಿ ಅದೇ ಮೈಗೆ ಎರಡು ಲೀಟರಿನ ಆರು ಸಿಲಿಂಡರ್ ಹಾಕಿ ಜಿಟಿ6 ಮಾಡಿದರು. ಶಕ್ತಿ 95. ಟೀಕೆಯ ಸುರಿಮಳೆ ಆಯಿತು. 1968ರಲ್ಲಿ ಹಿಂದಿನ ಸಸ್ಪೆನ್ಷನ್ನನ್ನೇ ಹೊಸದಾಗಿ ಮಾಡಿದರು. ಗಮನಿಸಿ, ಹೆಚ್ಚಾದದ್ದು ಬರೀ ಮೂವತ್ತೆರಡು ಕುದುರೆ. ಅಷ್ಟಕ್ಕೇ ಒಂದು ಇಡೀ ಕಂಪನಿ ನಕ್ಷೆಹಲಗೆಯ ಮುಂದೆ ವಾಪಸ್ ಕೂರಬೇಕಾಯ್ತು. ನೀವು ಮುನ್ನೂರು ಸೇರಿಸಿ "ಬ್ರೇಕ್ ಪ್ಯಾಡ್ ಬದಲಾಯಿಸಿದೀನಿ ಬಿಡ್ರಿ" ಅಂದರೆ ನಾನು ಏನು ಹೇಳಲಿ?

"ನನ್ನ ಕಾರು, ನನ್ನ ದುಡ್ಡು, ನಿನಗೇನು ಹೊಟ್ಟೆಯುರಿ?" ಇದು ಎರಡನೇ ವಾದ. ಒಪ್ಪಿದೆ, ದುಡ್ಡು ನಿಮ್ಮದೇ. ರಸ್ತೆ ಯಾರದ್ದು? ಎದುರಿಗೆ ಸೈಕಲ್ಲಿನಲ್ಲಿ ಬರುವ ಹುಡುಗಿ ಯಾರ ದುಡ್ಡಿನವಳು? ಅದಿರಲಿ, ಇನ್ನೂ ಒಂದು ಮಾತಿದೆ. ಕಾರು ನಿಮ್ಮ ಹತ್ತಿರವೇ ಶಾಶ್ವತವಾಗಿ ಇರುವುದಿಲ್ಲ. ಈ ಕಾರುಗಳು ಕೈಯಿಂದ ಕೈಗೆ ಹೋಗುತ್ತವೆ. ನನ್ನ ಮಿಡ್ಜೆಟ್ಟಿಗೇ ನಾನು ಒಂಬತ್ತನೇ ಯಜಮಾನ. ಕಟ್ಟಿದವನಿಗೆ ಎಲ್ಲಿ ಬೆಸುಗೆ ದುರ್ಬಲ, ಎಷ್ಟಕ್ಕಿಂತ ಜಾಸ್ತಿ ಒತ್ತಬಾರದು ಅಂತ ಗೊತ್ತಿರುತ್ತದೆ. ಕೊಂಡವನಿಗೆ ಗೊತ್ತಿರುವುದಿಲ್ಲ. ಎರಡು ವರ್ಷದ ಹಿಂದೆ ಗೆಳೆಯನೊಬ್ಬನ ಮಗನಿಗೆ ಅಂತ ಒಂದು ಮಿಡ್ಜೆಟ್ ನೋಡಲು ಹೋಗಿದ್ದೆ. ಒಳಗೆ ಆಧುನಿಕ ಎರಡು ಲೀಟರಿನ ಇಂಜಿನ್. ಪೇಂಟ್ ಕನ್ನಡಿಯ ಹಾಗೆ ಹೊಳೀತಿತ್ತು. ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಟನೆಲ್ ಕೊಯ್ದ ಜಾಗದಲ್ಲಿ ತೆಳುವಾದ ತಗಡು ರಿವೆಟ್ ಹೊಡೆದು ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಹಿಂದೆ ಅದೇ ಹಳೆಯ ಡ್ರಮ್ಮು. ಮಾರುವವನು ಅದನ್ನು ಮೂರನೆಯವನಿಂದ ಕೊಂಡಿದ್ದನಂತೆ, ಕಟ್ಟಿದವರು ಯಾರು ಅಂತಲೇ ತಿಳಿಯದು. ಆ ಹುಡುಗನಿಗೆ ಹತ್ತೊಂಬತ್ತು ವರ್ಷ. ಬೇಡ ಅಂತ ಹೇಳಿ ಎಬ್ಬಿಸಿಕೊಂಡು ಬಂದೆ. ಬಂದ ಮೇಲೂ ಕಾಡಿದ್ದು ಒಂದೇ. ಟಾರ್ಚ್ ಹಿಡಿದು ಕೆಳಗೆ ಮಲಗುವವರು ಜೊತೆಗಿಲ್ಲದ ಇನ್ನೊಬ್ಬ ಹತ್ತೊಂಬತ್ತರ ಹುಡುಗ ಅದನ್ನು ಕೊಂಡೇ ಕೊಂಡಿರುತ್ತಾನೆ.

ಇಲ್ಲಿನ ಕಾನೂನು ಈ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡಿದೆ. 2018ರ ಮೇ ತಿಂಗಳಿಂದ ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆಯ ಕಡ್ಡಾಯ ಇಲ್ಲ. ಆದರೆ ಕಾರಿನಲ್ಲಿ ಗಣನೀಯ ಬದಲಾವಣೆ ಆಗಿದ್ದರೆ ಆ ವಿನಾಯಿತಿ ಸಿಗದು. ಅದೇ ಮೂಲ ಇಂಜಿನ್ನಿನ ಬೇರೆ ಸಿಸಿ ಹಾಕಿದರೆ ಅಡ್ಡಿಯಿಲ್ಲ. ಸಿಲಿಂಡರುಗಳ ಸಂಖ್ಯೆಯೇ ಬದಲಾದರೆ ಅನುಮಾನದ ಕಣ್ಣು ಬೀಳುತ್ತದೆ. ಒಳ್ಳೆಯದೇ. ಆದರೆ ಬದಲಾವಣೆ ಆಗಿಲ್ಲ ಅಂತ ಘೋಷಿಸಬೇಕಾದವನು ಯಜಮಾನನೇ! ನಾಲ್ಕು ಸಿಲಿಂಡರ್ ತೆಗೆದು ಅದರ ಮೂರು ಪಟ್ಟು ಶಕ್ತಿಯ ಇನ್ನೊಂದು ನಾಲ್ಕು ಸಿಲಿಂಡರ್ ಕೂರಿಸಿದವನು ಎದೆ ಮುಟ್ಟಿಕೊಂಡು ನಿಜ ಹೇಳುತ್ತಾನೆಯೇ? ಹೇಳಿದರೆ ಸಂತೋಷ. ನನಗೆ ನಂಬಿಕೆ ಕಮ್ಮಿ. ಯಾವ ವರ್ಷದ್ದೇ ಆಗಲಿ, ಇಂಜಿನ್ ಬದಲಾಯಿಸಿದ ಕಾರನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಲೇಬೇಕು, ಬದಲಾಯಿಸಿದ ಕೂಡಲೇ ಒಬ್ಬ ಅರ್ಹ ಎಂಜಿನಿಯರು ಕೆಳಗೆ ಮಲಗಿ ನೋಡಿ ಸಹಿ ಹಾಕಬೇಕು. ಆ ಕಾಗದ ಕಾರಿನ ಜೊತೆಗೇ ಮುಂದಿನ ಯಜಮಾನನಿಗೆ ಹೋಗಬೇಕು. ಇದು ನನ್ನ ಬೇಡಿಕೆ. ಕಾರು ಪ್ರೀತಿಸುವವರ ಸಂಘಗಳು ಇದನ್ನು ತಾವಾಗಿಯೇ ಕೇಳಬೇಕು, ಸರ್ಕಾರ ಹೇರುವ ತನಕ ಕಾಯಬಾರದು.

ಮೂರನೇ ವಾದಕ್ಕೆ ನಾನು ತಲೆಬಾಗುತ್ತೇನೆ. "ಹಳೇ ಇಂಜಿನ್ ಎಣ್ಣೆ ಸೋರುತ್ತೆ, ಹೊಗೆ ಉಗುಳುತ್ತೆ, ಅರ್ಧ ದಾರೀಲಿ ಕೈಕೊಡುತ್ತೆ. ಹೊಸದು ಚೊಕ್ಕ, ನಂಬಿಕಸ್ಥ." ನಿಜ. ಆದರೆ ಇದು ಹೊಸ ಇಂಜಿನ್ನಿನ ಪರ ವಾದ, ದೊಡ್ಡ ಶಕ್ತಿಯ ಪರ ಅಲ್ಲ. ಹಗುರವಾದ, ಮೂಲದಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿಯ ಆಧುನಿಕ ಇಂಜಿನ್ ಹಾಕಿ, ಜೊತೆಗೆ ಬ್ರೇಕೂ ಸುಧಾರಿಸಿದರೆ ನನ್ನದೇನೂ ತಕರಾರಿಲ್ಲ. ಫೋರ್ಡ್ ಸಿಯೆರಾದ ಐದು ಗೇರಿನ ಪೆಟ್ಟಿಗೆಯನ್ನು ಮಿಡ್ಜೆಟ್ಟಿಗೆ ಹಾಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಮೋಟಾರ್‌ವೇನಲ್ಲಿ ಕಿವಿ ಉಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ನನ್ನ ಕಾರಿನಲ್ಲೂ ಇದೆ. ಮೂಲದಲ್ಲಿದ್ದ ಒಂದು ಸ್ಕ್ರೂ ಸಹ ಬದಲಾಗಕೂಡದು ಅನ್ನುವ ಮಡಿವಂತರ ಗುಂಪಿನವನಲ್ಲ ನಾನು. ಆ ಮಡಿವಂತರಿಗೂ ನನಗೂ ಆಗುವುದಿಲ್ಲ. ಅವರು ಕಾರು ಓಡಿಸುವುದೇ ಇಲ್ಲ, ಒರೆಸುತ್ತಾರೆ ಅಷ್ಟೆ.

ನಾನು ಹೇಳುವುದು ಅನುಕ್ರಮದ ಮಾತು. ಮೊದಲು ತುಕ್ಕು ಕಿತ್ತು ಮೈ ಗಟ್ಟಿ ಮಾಡಿ. ಆಮೇಲೆ ಬ್ರೇಕು. ಆಮೇಲೆ ಸಸ್ಪೆನ್ಷನ್, ಆಕ್ಸಲು, ಟೈರು. ಇವೆಲ್ಲ ಎಷ್ಟು ಶಕ್ತಿ ತಡೆಯುತ್ತವೆ ಅಂತ ಲೆಕ್ಕ ಹಾಕಿ, ಅಷ್ಟೇ ಶಕ್ತಿಯ ಇಂಜಿನ್ ಕೊನೆಯಲ್ಲಿ ತನ್ನಿ. ಈಗ ನಡೆಯುತ್ತಿರುವುದು ಉಲ್ಟಾ. ಇಂಜಿನ್ ಮೊದಲು ಬರುತ್ತದೆ, ಯಾಕೆಂದರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದು ಅದೇ. ಬ್ರೇಕಿನ ಹೊತ್ತಿಗೆ ದುಡ್ಡು ಖಾಲಿ, ಉತ್ಸಾಹವೂ ಖಾಲಿ. ಮದುವೆಯಲ್ಲಿ ವಾಲಗಕ್ಕೆ ಎಲ್ಲಾ ದುಡ್ಡು ಸುರಿದು ಊಟದ ಹೊತ್ತಿಗೆ ಎಲೆ ಸಾಲದ ಹಾಗೆ.

ಈ ಅನುಕ್ರಮ ಪಾಲಿಸಿದವರಿಗೆ ಒಂದು ವಿಚಿತ್ರ ಅನುಭವ ಆಗುತ್ತದೆ. ಬ್ರೇಕು ಸರಿ ಮಾಡಿ, ಸ್ಪ್ರಿಂಗು ಸರಿ ಮಾಡಿ, ಒಳ್ಳೆಯ ಟೈರು ಹಾಕಿ ಒಂದು ಸುತ್ತು ಹೋಗಿ ಬಂದ ಮೇಲೆ ಬಹಳ ಜನಕ್ಕೆ ಹೊಸ ಇಂಜಿನ್ನೇ ಬೇಡ ಅನ್ನಿಸಿಬಿಡುತ್ತದೆ. ಕಾರು ನಿಧಾನ ಅಂತ ಅವರಿಗೆ ಅನ್ನಿಸುತ್ತಿದ್ದುದು ಶಕ್ತಿ ಕಮ್ಮಿ ಅಂತಲ್ಲ, ತಿರುವಿನಲ್ಲಿ ನಂಬಿಕೆ ಸಾಲದು ಅಂತ. ನಂಬಿಕೆ ಬಂದರೆ 65 ಕುದುರೆಗಳೇ ದಂಡಿ.

ಆದ್ದರಿಂದ, ಎಲ್ಎಸ್ ಇಂಜಿನ್ನಿಗೆ ಆರ್ಡರ್ ಕೊಡಲು ಹೊರಟವರೇ, ಒಂದು ತಿಂಗಳು ತಡೀರಿ. ಆ ದುಡ್ಡಿನ ಕಾಲು ಭಾಗ ತೆಗೆದು ಕಾರಿನ ಕೆಳಭಾಗಕ್ಕೆ ಹಾಕಿ. ಆಮೇಲೂ ಆಸೆ ಉಳಿದಿದ್ದರೆ ಮಾತಾಡೋಣ. ನಿಮಗೆ ನಾನೂರು ಕುದುರೆಯೇ ಬೇಕು ಅನ್ನುವುದಾದರೆ ಅಷ್ಟು ಕುದುರೆಗೆ ಅಂತಲೇ ಕಟ್ಟಿದ ಕಾರುಗಳು ಅಂಗಡಿಯಲ್ಲಿ ಸಿಗುತ್ತವೆ, ಕೊಳ್ಳಿ. ಮಿಡ್ಜೆಟ್ಟನ್ನು ಮಾತ್ರ ಇನ್ನೊಬ್ಬ ಹುಡುಗನಿಗೆ ಮಾರಿಬಿಡಿ. ಕೊಯ್ಯುವ ಮೊದಲು.